ಲ್ಯಾಬಲ್ಲಿ 22 ಉಬುಂಟು ಸಿಸ್ಟಮ್, ಅಪ್‌ಡೇಟ್ ಮಧ್ಯದಲ್ಲಿ ಕರೆಂಟ್ ಹೋದ್ರೆ ಎಲ್ಲಾ ಕುಲಗೆಟ್ಟು ಹೋಗ್ತಿದೆ, ಏನಾದ್ರೂ ದಾರಿ ಇದ್ಯಾ?

ಶಿರಾ_ಲ್ಯಾಬ್_ಮೇಷ್ಟ್ರು · ಮಂಗಳವಾರ ರಾತ್ರಿ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ಶಿರಾ ಹತ್ರ ಒಂದು ಕಾಲೇಜಲ್ಲಿ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ತೀನಿ, ನೋಡ್ಕೊಳ್ತೀನಿ ಅಂದ್ರೆ ಪಾಠ ಮಾಡೋದೂ ನಾನೇ ಮೌಸ್ ಒರೆಸೋದೂ ನಾನೇ ಕೀಬೋರ್ಡ್ ತಲೆಕೆಳಗೆ ಮಾಡಿ ಕಡ್ಲೆಕಾಯಿ ಸಿಪ್ಪೆ ಕೊಡವೋದೂ ನಾನೇ. 22 ಸಿಸ್ಟಮ್ ಇದಾವೆ, ಎಲ್ಲಾದಕ್ಕೂ ಉಬುಂಟು 22.04, ವಿಂಡೋಸ್ ಬದಲು ಹಾಕೋ ಲಿನಕ್ಸ್, ಎರಡು ಭಾನುವಾರ ಕೂತು ಹಾಕಿದ್ದು. ನೆಟ್ ಅಂದ್ರೆ ಒಂದು 4ಜಿ ರೂಟರ್, ದಿನಕ್ಕೆ 3 ಜಿಬಿ, ಅಷ್ಟೇ.

ಇವತ್ತು ಬೆಳಿಗ್ಗೆ ಏನಾಯ್ತು ಅಂದ್ರೆ, ಒಂಬತ್ತೂವರೆಗೆ ಹುಡುಗ್ರು ಬಂದು ಎಲ್ಲಾ ಸಿಸ್ಟಮ್ ಒಟ್ಟಿಗೆ ಆನ್ ಮಾಡಿದ್ರು, ಪೈಥಾನ್ ಪ್ರಾಕ್ಟಿಕಲ್‌ಗೆ ಜಿಯಾನಿ ಎಡಿಟರ್ ಹಾಕೋಣ ಅಂತ ಆಪ್ಟ್ (ಸಾಫ್ಟ್‌ವೇರ್ ಇಳಿಸಿ ಹಾಕೋ ಕಮಾಂಡ್) ಇನ್‌ಸ್ಟಾಲ್ ಕೊಟ್ರೆ ಲಾಕ್ ಸಿಗ್ತಿಲ್ಲ, ಬೇರೆ ಯಾವ್ದೋ ಪ್ರೋಸೆಸ್ ಹಿಡ್ಕೊಂಡಿದೆ ಅಂತ ಎರರ್. ನೋಡಿದ್ರೆ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಅನ್ನೋ ಅಪ್‌ಡೇಟ್ ಕೆಲಸ ತಾನೇ ತಾನಾಗಿ ಓಡ್ತಿದೆ, ಒಂದ್ರಲ್ಲಲ್ಲ, 22ರಲ್ಲೂ. ಸರಿ ಮುಗೀಲಿ ಅಂತ ಕಾಯ್ತಾ ಬೋರ್ಡ್ ಮೇಲೆ ಫಾರ್ ಲೂಪ್ ಬರೀತಿದ್ದೆ, ಹತ್ತೂಮುಕ್ಕಾಲಿಗೆ ರೂಟರ್ ಡೇಟಾ ಖಾಲಿ, ಹನ್ನೊಂದೂ ಹತ್ತಕ್ಕೆ ಕರೆಂಟ್ ಹೋಯ್ತು. ಯುಪಿಎಸ್ ಇದೆ, ಬ್ಯಾಟರಿ ಸತ್ತು ವರ್ಷ ಆಯ್ತು, ಕೂಯ್ ಅನ್ನುತ್ತೆ ಎರಡು ಸಲ, ಅಷ್ಟೇ ಅದರ ಸೇವೆ.

ಕರೆಂಟ್ ಬಂದ್ಮೇಲೆ 5 ಸಿಸ್ಟಮಲ್ಲಿ "ಡಿಪಿಕೆಜಿ ಮಧ್ಯಕ್ಕೆ ನಿಂತಿದೆ, ಕಾನ್ಫಿಗರ್ ಹೈಫನ್ ಎ ಓಡಿಸಿ" ಅಂತ ಬರ್ತಿದೆ, ಡಿಪಿಕೆಜಿ ಅಂದ್ರೆ ಆಪ್ಟ್ ಇಳಿಸಿದ್ದನ್ನ ಬಿಚ್ಚಿ ಹಾಕೋ ಪ್ರೋಗ್ರಾಂ. 14ನೇ ಸಿಸ್ಟಮ್ ಅಂತೂ ಬೂಟೇ ಆಗ್ತಿಲ್ಲ, ಕಪ್ಪು ಸ್ಕ್ರೀನಲ್ಲಿ ಕರ್ನಲ್ (ಸಿಸ್ಟಮಿನ ಮೂಲ ಪ್ರೋಗ್ರಾಂ) ಪ್ಯಾನಿಕ್, ರೂಟ್ ಎಫ್‌ಎಸ್, ಅಂದ್ರೆ ಸಿಸ್ಟಮ್ ಫೈಲೆಲ್ಲಾ ಇರೋ ಡಿಸ್ಕ್ ಭಾಗ, ಮೌಂಟ್ ಆಗ್ತಿಲ್ಲ ಅಂತ. ಪ್ರಿನ್ಸಿಪಾಲ್ ಬಂದು ನೋಡಿ "ಇದಕ್ಕೆಲ್ಲಾ ವಿಂಡೋಸ್ ಹಾಕಿಸ್ಬಿಡಿ ಮೇಷ್ಟ್ರೇ" ಅಂದು ಹೋದ್ರು.

ನನ್ನ ಪ್ರಶ್ನೆ ಏನಂದ್ರೆ, ಈ ಆಪ್ಟ್ ಡಿಪಿಕೆಜಿ ಎಲ್ಲಾ ಹಳೇದಾಯ್ತು, ಸ್ನ್ಯಾಪ್ ಫ್ಲಾಟ್‌ಪ್ಯಾಕ್ ನಿಕ್ಸ್ ಅಂತ ಸಾಫ್ಟ್‌ವೇರ್ ಹಾಕೋ ಹೊಸ ದಾರಿಗಳು ಬಂದಿದಾವೆ ಅಂತಾರಲ್ಲ, ಅದಕ್ಕೆ ಹೋದ್ರೆ ಈ ಗೋಳು ತಪ್ಪುತ್ತಾ? ಇಲ್ಲಾ ಅಪ್‌ಡೇಟೇ ಬೇಡ ಅಂತ ಆಫ್ ಮಾಡ್ಬಿಡ್ಲಾ? ದಯವಿಟ್ಟು ಗೊತ್ತಿರೋರು ಹೇಳಿ.

ಕೆಜಿಎಫ್_ಅಂಡರ್‌ಗ್ರೌಂಡ್ · ಮಂಗಳವಾರ ರಾತ್ರಿ

ಮೇಷ್ಟ್ರೇ ಮೊದ್ಲು ನಾಳೆ ಕ್ಲಾಸ್ ನಡೀಬೇಕಲ್ಲ, ಅದನ್ನ ನೋಡೋಣ, ಆಮೇಲೆ ನಿಕ್ಸು ಗಿಕ್ಸು.

ಆ 5 ಸಿಸ್ಟಮ್‌ಗೆ ಅದೇ ಹೇಳ್ತಿರೋ ಕಮಾಂಡ್ ಓಡಿಸಿ, ಸುಡೋ ಡಿಪಿಕೆಜಿ, ಎರಡು ಹೈಫನ್ ಹಾಕಿ ಕಾನ್ಫಿಗರ್, ಆಮೇಲೆ ಹೈಫನ್ ಎ. ಅದು ಮುಗಿದ್ಮೇಲೆ ಆಪ್ಟ್ ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್ ಒಂದು ಸಲ. ಹತ್ತಕ್ಕೆ ಒಂಬತ್ತು ಸಲ ಅಷ್ಟಕ್ಕೇ ಸರಿ ಹೋಗುತ್ತೆ. ಸ್ಟೇಟಸ್ ಫೈಲ್ ಓದಕ್ಕಾಗ್ತಿಲ್ಲ ಅಂತ ಎಲ್ಲಾದ್ರೂ ಬಂದ್ರೆ ಗಾಬರಿ ಬೀಳಬೇಡಿ, ವಾರ್ ಒಳಗೆ ಲಿಬ್ ಒಳಗೆ ಡಿಪಿಕೆಜಿ ಫೋಲ್ಡರಲ್ಲಿ ಸ್ಟೇಟಸ್-ಓಲ್ಡ್ ಅಂತ ಹಿಂದಿನ ಕಾಪಿ ಇರುತ್ತೆ, ಅದೂ ಹಾಳಾಗಿದ್ರೆ ವಾರ್ ಬ್ಯಾಕಪ್ಸ್ ಒಳಗೆ ದಿನದಿನದ ಕಾಪಿ ಇರುತ್ತೆ, ಅದನ್ನ ತಂದು ಹಾಕಿ.

14ನೇದು ಬೂಟ್ ಆಗದೇ ಇರೋದಕ್ಕೆ ಕಾರಣ ಬಹುಶಃ ಹೊಸ ಕರ್ನಲ್ ಇನ್‌ಸ್ಟಾಲ್ ಆಗ್ತಿದ್ದಾಗ ಕರೆಂಟ್ ಹೋಗಿದೆ, ಬೂಟ್ ಆಗೋಕೆ ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಫೈಲ್ ಅರ್ಧಂಬರ್ಧ ಆಗಿದೆ. ಹಳೇ ಕರ್ನಲ್ ಒಳಗೇ ಇರುತ್ತೆ ಕಣ್ರೀ, ಉಬುಂಟು ಅದನ್ನ ತೆಗ್ದಿರಲ್ಲ. ಆನ್ ಮಾಡ್ತಿದ್ದ ಹಾಗೇ ಶಿಫ್ಟ್ ಹಿಡ್ಕೊಳ್ಳಿ, ಹೊಸ ಥರದ ಬಯೋಸ್ (ಯುಇಎಫ್‌ಐ) ಆದ್ರೆ ಎಸ್ಕೇಪ್ ಒತ್ತಿ, ಗ್ರಬ್ ಅನ್ನೋ ಬೂಟ್ ಮೆನು ಬರುತ್ತೆ, ಅಡ್ವಾನ್ಸ್‌ಡ್ ಆಪ್ಷನ್ಸಲ್ಲಿ ಎರಡನೇ ಕರ್ನಲ್ ಆರಿಸಿ. ಒಳಗೆ ಹೋಗಿ ಮೇಲಿನ ಎರಡು ಕಮಾಂಡ್, ಜೊತೆಗೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್. ಫಾರ್ಮ್ಯಾಟ್ ಮಾತ್ರ ಮಾಡಬೇಡಿ, ಎಲ್ರೂ ಅದನ್ನೇ ಮಾಡಿ ಎರಡು ದಿನ ಕಳೀತಾರೆ.

ಇನ್ನು ಬೆಳಿಗ್ಗೆ ಎಲ್ಲಾ ಒಟ್ಟಿಗೆ ಯಾಕೆ ಶುರುವಾಯ್ತು ಅನ್ನೋದು. ಉಬುಂಟಲ್ಲಿ ಅಪ್‌ಗ್ರೇಡ್‌ಗೆ ಒಂದು ಟೈಮರ್ ಇದೆ, ಬೆಳಿಗ್ಗೆ 6ಕ್ಕೆ ಓಡಬೇಕು, ಎಲ್ಲಾ ಮಿಶಿನ್ ಒಂದೇ ಸಲ ಸರ್ವರ್ ಮೇಲೆ ಬೀಳದಿರ್ಲಿ ಅಂತ ಒಂದೊಂದರಲ್ಲೂ ಒಂದು ಗಂಟೆವರೆಗೆ ಬೇರೆ ಬೇರೆ ಥರ ತಡ ಮಾಡುತ್ತೆ. ಆದ್ರೆ 6 ಗಂಟೆಗೆ ನಿಮ್ಮ ಲ್ಯಾಬ್ ಬೀಗ ಹಾಕಿರುತ್ತಲ್ಲ, ಆ ಟೈಮರಿಗೆ ಪರ್ಸಿಸ್ಟೆಂಟ್ ಅಂತ ಒಂದು ಸೆಟ್ಟಿಂಗ್ ಇದೆ, ತಪ್ಪಿಹೋದ ಕೆಲಸ ಆನ್ ಆದ್ಮೇಲೆ ಮಾಡು ಅಂತ. ಆ 6 ಗಂಟೆ ಟೈಮು 24 ಗಂಟೆ ಆನ್ ಇರೋ ಸರ್ವರಿಗೆ ಒಪ್ಪುತ್ತೆ, ಶಿರಾದ ಲ್ಯಾಬಿಗಲ್ಲ. ಆ ಟೈಮರನ್ನ ಎಡಿಟ್ ಮಾಡಿ ಶನಿವಾರ ಮಧ್ಯಾಹ್ನಕ್ಕೆ ಹಾಕಿ, ಪರ್ಸಿಸ್ಟೆಂಟ್ ತೆಗೀರಿ. ಪೂರ್ತಿ ಆಫ್ ಮಾತ್ರ ಬೇಡ, ಹುಡುಗ್ರು ಅದರಲ್ಲೇ ಬ್ಯಾಂಕ್ ಓಟಿಪಿ ಎಲ್ಲಾ ನೋಡ್ತಿರ್ತಾರೆ.

ಕರೆಂಟ್ ವಿಷಯ ನಾನೇನು ಹೇಳ್ಲಿ. 1902ರಲ್ಲೇ ಶಿವನಸಮುದ್ರದಿಂದ ತಂತಿ ಎಳ್ಕೊಂಡು ಗಣಿಗೆ ಕರೆಂಟ್ ತಂದ ಊರು ನಮ್ದು, ಇವತ್ತು ಮೊಬೈಲ್ ಟಾರ್ಚಲ್ಲಿ ಇದನ್ನ ಟೈಪ್ ಮಾಡ್ತಿದೀನಿ.

ಶಿಡ್ಲಘಟ್ಟ_ಗೂಡು · ಬುಧವಾರ ಬೆಳಿಗ್ಗೆ

ಟ್ರೇನಲ್ಲಿ ಬರೀತಿದೀನಿ, ತಪ್ಪಿದ್ರೆ ಕ್ಷಮಿಸಿ. ಅಂಡರ್‌ಗ್ರೌಂಡ್ ಅಣ್ಣ ಹೇಳಿದ್ದು ತೇಪೆ ಅಷ್ಟೇ. ಮೂಲ ರೋಗ ಬೇರೆ ಇದೆ. ಡಿಪಿಕೆಜಿ ಹುಟ್ಟಿದ್ದು 1994ರಲ್ಲಿ, ಅದರ ಮೇಲೆ ಆಪ್ಟ್ ಕೂತಿದ್ದು 1999ರಲ್ಲಿ, ಉಬುಂಟುಗೆ ಮೂಲವಾದ ಡೆಬಿಯನ್‌ನ 2.1ರಲ್ಲಿ, ಅವತ್ತಿಂದ ಇವತ್ತಿಗೂ ಕೆಲಸ ಮಾಡೋ ರೀತಿ ಒಂದೇ, ಓಡ್ತಿರೋ ಸಿಸ್ಟಮ್ ಮೇಲೇ ಫೈಲ್ ಬದಲಾಯಿಸೋದು. ಒಂದೊಂದು ಪ್ಯಾಕೇಜ್ ಮೊದ್ಲು ಬಿಚ್ಚುತ್ತೆ, ಆಮೇಲೆ ಅದರ ಒಳಗಿರೋ ಪೋಸ್ಟ್‌ಇನ್ಸ್ಟ್ ಅನ್ನೋ ಸ್ಕ್ರಿಪ್ಟನ್ನ ರೂಟ್ ಅಧಿಕಾರದಲ್ಲಿ ಓಡಿಸುತ್ತೆ. ಆ ಸ್ಕ್ರಿಪ್ಟ್ ಏನು ಬೇಕಾದ್ರೂ ಮಾಡಬಹುದು, ಯೂಸರ್ ಸೇರಿಸಬಹುದು, ಸರ್ವಿಸ್ ಶುರು ಮಾಡಬಹುದು, ಹಾಗಾಗಿ ಅರ್ಧದಲ್ಲಿ ನಿಂತ್ರೆ ವಾಪಸ್ ಹೋಗೋಕೆ ದಾರಿ ಇಲ್ಲ, ಮುಂದಕ್ಕೇ ಹೋಗಬೇಕು. 80 ಪ್ಯಾಕೇಜಲ್ಲಿ 37ನೇದಕ್ಕೆ ಕರೆಂಟ್ ಹೋಯ್ತು ಅಂದ್ರೆ ನಿಮ್ಮ ಸಿಸ್ಟಮ್ ಹಳೇದೂ ಅಲ್ಲ ಹೊಸದೂ ಅಲ್ಲ.

ನಿಕ್ಸಲ್ಲಿ ಹಾಗಿಲ್ಲ. ಈಲ್ಕೋ ಡಾಲ್‌ಸ್ಟ್ರಾ ಅನ್ನೋರು ನೆದರ್ಲೆಂಡ್ಸಲ್ಲಿ 2003ರಲ್ಲಿ ಶುರು ಮಾಡಿದ್ದು, 2006ರಲ್ಲಿ ಅವರ ಪಿಎಚ್‌ಡಿನೂ ಅದರ ಮೇಲೇನೇ. ಅಲ್ಲಿ ಪ್ರತಿ ಪ್ಯಾಕೇಜ್‌ಗೂ ಬೇರೆ ಬೇರೆ ಫೋಲ್ಡರ್, ಹೆಸರಿಗೆ ಮೊದ್ಲು ಒಂದು ಹ್ಯಾಶ್, ಅಂದ್ರೆ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಉದ್ದ ಕೋಡ್. ಹೊಸದು ಬಂದ್ರೆ ಪಕ್ಕದಲ್ಲಿ ಇಡುತ್ತೆ, ಹಳೇದನ್ನ ಮುಟ್ಟಲ್ಲ, ಎಲ್ಲಾ ಇಳಿದ್ಮೇಲೆ ಕೊನೇಲಿ ಒಂದು ಲಿಂಕ್ ಮಾತ್ರ ಬದಲಾಯಿಸುತ್ತೆ. ಅದಕ್ಕೆ ಮುಂಚೆ ಯಾವಾಗ ಕರೆಂಟ್ ಹೋದ್ರೂ ನೀವು ನಿನ್ನೆ ಇದ್ದ ಸಿಸ್ಟಮಲ್ಲೇ ಇರ್ತೀರ. ಬೂಟ್ ಮೆನುವಲ್ಲೇ ಹಳೇ ಜನರೇಷನ್ ಎಲ್ಲಾ ಸಾಲಾಗಿ ಇರ್ತಾವೆ. ಫೆಡೋರಾ ಸಿಲ್ವರ್‌ಬ್ಲೂ ಅನ್ನೋ ಇನ್ನೊಂದು ಲಿನಕ್ಸ್ ಕೂಡ ಇದೇ ಥರ, ಪೂರ್ತಿ ಸಿಸ್ಟಮನ್ನ ಒಂದು ಇಮೇಜ್ ಥರ ಪಕ್ಕದಲ್ಲಿ ತಯಾರು ಮಾಡಿ ರೀಬೂಟಲ್ಲಿ ಆ ಕಡೆಗೆ ಹಾರುತ್ತೆ. ನಾನು ಮನೆ ಲ್ಯಾಪ್‌ಟಾಪಲ್ಲಿ ಅಪ್‌ಡೇಟ್ ಓಡ್ತಿರುವಾಗ ಬ್ಯಾಟರಿ ಕಿತ್ತು ನೋಡಿದೀನಿ, ಬೇಕಂತಲೇ. ಏನೂ ಆಗ್ಲಿಲ್ಲ.

ಕೆಜಿಎಫ್_ಅಂಡರ್‌ಗ್ರೌಂಡ್ · ಬುಧವಾರ ಬೆಳಿಗ್ಗೆ

ಗೂಡು ಗುರುವೇ, ನೀನು ಹೇಳಿದ್ದು ತಪ್ಪಲ್ಲ, ಅರ್ಧದಲ್ಲಿ ನಿಂತ್ರೆ ವಾಪಸ್ ಹೋಗಕ್ಕಾಗಲ್ಲ ಅನ್ನೋದು ಡಿಪಿಕೆಜಿಯ ದೊಡ್ಡ ಕೊರತೆನೇ, ಒಪ್ಕೊಳ್ತೀನಿ. ಆದ್ರೆ ಒಬ್ಬ ಮನುಷ್ಯ, 22 ಸಿಸ್ಟಮ್, ದಿನಕ್ಕೆ 3 ಜಿಬಿ, ಅವರಿಗೆ ಹೋಗಿ ನಿಕ್ಸ್ ಭಾಷೆ ಕಲೀರಿ ಅಂತೀಯಲ್ಲ? ಸಿಲ್ವರ್‌ಬ್ಲೂ ಇಮೇಜ್ ಇಳಿಸೋಕೆ ಡೇಟಾ ನೀನು ಕೊಡ್ತೀಯಾ? ನಿಕ್ಸ್ ಸ್ಟೋರ್ ಬೆಳೆದು ಬೆಳೆದು ಲ್ಯಾಬಿನ ಹಳೇ 120 ಜಿಬಿ ಡಿಸ್ಕ್ ತುಂಬ್ದಾಗ ಅಲ್ಲಿಗೆ ಬರೋರು ಯಾರು?

ಅವರ ಪೋಸ್ಟ್ ಇನ್ನೊಂದು ಸಲ ಓದು. ಕರೆಂಟ್ ಹೋಗಿದ್ದು ಹನ್ನೊಂದೂ ಹತ್ತಕ್ಕೆ. ಅಪ್‌ಡೇಟ್ ಶುರುವಾಗಿದ್ದು ಒಂಬತ್ತೂವರೆಗೆ. ಒಂದು ಗಂಟೆ ನಲವತ್ತು ನಿಮಿಷ ಏನು ಮಾಡ್ತಿತ್ತು? ಹೆಚ್ಚಿನ ಹೊತ್ತು ಇನ್‌ಸ್ಟಾಲ್ ಮಾಡ್ತಿರ್ಲಿಲ್ಲ ಕಣೋ, ನೆಟ್ಟಿಂದ ಎಳೀತಿತ್ತು. 22 ಜನ ಒಂದೇ ರೂಟರಿಗೆ ಬಾಯಿ ಹಾಕಿದ್ರೆ ಹಾಗೇ ಆಗೋದು. ಒಂದೊಂದಕ್ಕೆ 400 ಎಂಬಿ ಅಂದ್ರೂ 22ಕ್ಕೆ 8.8 ಜಿಬಿ, ಇರೋದು 3. ಒಂದೇ ಫೈಲನ್ನ 22 ಸಲ ದುಡ್ಡು ಕೊಟ್ಟು ತರಿಸ್ತಿದಾರೆ. ಇದಕ್ಕೂ ಪ್ಯಾಕೇಜ್ ಫಾರ್ಮ್ಯಾಟಿಗೂ ಸಂಬಂಧನೇ ಇಲ್ಲ, ನಿಕ್ಸ್ ಹಾಕಿದ್ರೂ 22 ಸಲಾನೇ.

ಮೇಷ್ಟ್ರೇ, ಆಪ್ಟ್-ಕ್ಯಾಶರ್-ಎನ್‌ಜಿ ಅಂತ ಒಂದು ಪ್ಯಾಕೇಜ್ ಇದೆ. ಲ್ಯಾಬಲ್ಲಿ ಯಾವ್ದಾದ್ರೂ ಒಂದು ಸಿಸ್ಟಮ್‌ಗೆ ಹಾಕಿ, ಅದು 3142 ಪೋರ್ಟಲ್ಲಿ ಕೂತಿರುತ್ತೆ. ಮಿಕ್ಕ 21ಕ್ಕೂ ಈಟಿಸಿ ಒಳಗೆ ಆಪ್ಟ್ ಫೋಲ್ಡರಲ್ಲಿ ಪ್ರಾಕ್ಸಿ ವಿಳಾಸದ ಒಂದು ಸಾಲಿನ ಫೈಲ್. ಅಷ್ಟೇ ಕೆಲಸ. ಮೊದಲ್ನೇ ಸಿಸ್ಟಮ್ ಕೇಳಿದಾಗ ಹೊರಗಿಂದ ತರುತ್ತೆ, ಆಮೇಲೆ ಕೇಳೋರಿಗೆಲ್ಲಾ ಲ್ಯಾಬ್ ಕೇಬಲ್ಲಲ್ಲೇ ಕೊಡುತ್ತೆ. ವಿಂಡೋಸ್ 10ರಲ್ಲಿ ಪಕ್ಕದ ಮಿಶಿನ್‌ನಿಂದ ಅಪ್‌ಡೇಟ್ ಹಂಚ್ಕೊಳ್ಳೋದು ಬಂದಾಗ ನಾವೆಲ್ಲಾ ನಕ್ಕಿದ್ವಿ, ಆದ್ರೆ ಅದು ನಮ್ಮಲ್ಲೂ ಹಾಕಿದ ತಕ್ಷಣ ತಾನಾಗೇ ಇರಬೇಕಿತ್ತು. ನಿಜವಾದ ಸುಧಾರಣೆ ಅಂದ್ರೆ ಅದು, ಹೊಸ ಹೊಸ ಫಾರ್ಮ್ಯಾಟ್ ಅಲ್ಲ, ಆದ್ರೆ ಇದನ್ನ ಬರೆಯೋರ ಮನೇಲಿ ಫೈಬರ್ ಇರುತ್ತೆ.

ಇನ್ನೊಂದು. ಡೌನ್‌ಲೋಡ್ ಬೇರೆ ಇನ್‌ಸ್ಟಾಲ್ ಬೇರೆ ಮಾಡಿ. ಆಪ್ಟ್-ಗೆಟ್ ಅಪ್‌ಗ್ರೇಡ್‌ಗೆ ಹೈಫನ್ ಡಿ ಕೊಟ್ರೆ ಬರೀ ಇಳಿಸಿ ಇಡುತ್ತೆ, ಆಗ ಕರೆಂಟ್ ಹೋದ್ರೆ ಏನೂ ಕೆಡಲ್ಲ, ಪಾರ್ಶಿಯಲ್ ಫೋಲ್ಡರಲ್ಲಿ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಎಳ್ಕೊಳ್ಳುತ್ತೆ. ನಿಜವಾದ ಇನ್‌ಸ್ಟಾಲ್ ಹತ್ತು ನಿಮಿಷದ ಕೆಲಸ, ಅದನ್ನ ಕರೆಂಟ್ ಗಟ್ಟಿ ಇರೋ ಟೈಮ್ ನೋಡ್ಕೊಂಡು ನೀವೇ ನಿಂತು ಮಾಡಿಸಿ. ಒಂದು ಗಂಟೆ ನಲವತ್ತು ನಿಮಿಷ ಇದ್ದ ಗಂಡಾಂತರ ಹತ್ತು ನಿಮಿಷಕ್ಕೆ ಬಂತು.

ಗುಬ್ಬಿ_ಗೂಡಲ್ಲಿ · ಬುಧವಾರ ಮಧ್ಯಾಹ್ನ

ನಾನು ಗುಬ್ಬಿಯವ್ನು, ನಮ್ಮೂರ ಹೆಸರಲ್ಲಿ ಡೆಬಿಯನಲ್ಲಿ ಒಂದು ಪ್ಯಾಕೇಜೇ ಇದೆ ಗೊತ್ತಾ, ಫಾಂಟ್ಸ್-ಗುಬ್ಬಿ, ಕನ್ನಡ ಫಾಂಟು. ಹಕ್ಕಿ ಹೆಸರು ಅದು, ಜೊತೆಗೆ ನವಿಲೂ ಇದೆ, ಆದ್ರೂ ನಾವು ಊರಿನವ್ರು ನಮ್ದೇ ಅಂತ ಹೇಳ್ಕೊಂಡು ತಿರುಗ್ತೀವಿ.

ವಿಷಯಕ್ಕೆ ಬರ್ತೀನಿ. ಮೇಷ್ಟ್ರೇ ಆ 5ರಲ್ಲಿ ಯಾವ್ದಾದ್ರೂ ಕಾನ್ಫಿಗರ್ ಓಡಿಸಿದ್ರೂ ಹಠ ಮಾಡ್ತಿದ್ರೆ ಎರಡು ನೋಡಿ. ಒಂದು, ಯಾವತ್ತೋ ಯೂಟ್ಯೂಬ್ ನೋಡಿ ಸೇರಿಸಿದ ಪಿಪಿಎ, ಅಂದ್ರೆ ಹೊರಗಿನವರ ಪ್ಯಾಕೇಜ್ ಮೂಲ, ಇದ್ಯಾ. ಬೇರೆ ಬೇರೆ ಕಡೆಯ ಪ್ಯಾಕೇಜ್ ಬೆರೆಸಿದ ಸಿಸ್ಟಮಿಗೆ ಡೆಬಿಯನ್ ಮಂದಿ ಫ್ರಾಂಕೆನ್‌ಡೆಬಿಯನ್ ಅಂತ ಹೆಸರಿಟ್ಟಿದಾರೆ, ಹೆಣದ ಕೈ ಕಾಲು ಹೊಲಿದ ಹಾಗೆ. ಎರಡು, ಪೈಥಾನ್ ಪಾಠ ಅಂದ್ರಲ್ಲ, ಪೈಥಾನ್ ಲೈಬ್ರರಿ ಹಾಕೋಕೆ ಸುಡೋ ಪಿಪ್ ಇನ್‌ಸ್ಟಾಲ್ ಮಾಡಿದೀರಾ? ಸತ್ಯ ಹೇಳಿ. 22.04ರಲ್ಲಿ ಅದು ಸುಮ್ನೆ ಬಿಟ್ಬಿಡುತ್ತೆ, ಆಪ್ಟ್ ಹಾಕಿದ ಪೈಥಾನ್ ಲೈಬ್ರರಿಗೆ ಅಡ್ಡ ಬೇರೆ ವರ್ಷನ್ ಬಂದು ಕೂರುತ್ತೆ, ಆಮೇಲೆ ಉಬುಂಟುವಿನ ಸ್ವಂತ ಪೈಥಾನ್ ಸ್ಕ್ರಿಪ್ಟ್‌ಗಳು ಬೀಳ್ತಾವೆ. 24.04ಗೆ ಹೋದ್ರೆ ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಅಂತ ಎರರ್ ಕೊಟ್ಟು ಪಿಪ್ಪನ್ನ ಬಾಗಿಲಲ್ಲೇ ನಿಲ್ಲಿಸುತ್ತೆ, ಹುಡುಗ್ರು ಬೈತಾರೆ, ಆದ್ರೆ ಪೈಥಾನಿನವರು ಡಿಸ್ಟ್ರೋದವ್ರು ಸೇರಿ ಮಾಡಿದ ಒಳ್ಳೇ ಕೆಲಸ ಅದು. ವೆನ್ವ್, ಅಂದ್ರೆ ಒಂದೊಂದು ಪ್ರಾಜೆಕ್ಟಿಗೆ ಬೇರೆ ಪೈಥಾನ್ ಜಾಗ, ಮಾಡೋದು ಈಗ್ಲೇ ಕಲಿಸಿ.

ಒಂದು ಡೌಟು ನಂಗೂ ಇದೆ, ಆ ಕ್ಯಾಶರ್ ಎಚ್‌ಟಿಟಿಪಿಲಿ ಕೊಡುತ್ತಲ್ಲ, ಎಸ್ ಇಲ್ಲದೇ. ಯಾವನಾದ್ರೂ ಕಿಲಾಡಿ ಹುಡುಗ ಆ ಒಂದು ಸಿಸ್ಟಮಲ್ಲಿ ಫೈಲ್ ಬದಲಾಯಿಸಿದ್ರೆ 21ಕ್ಕೂ ವಿಷ ಇಟ್ಟಂಗಲ್ವಾ?

ಕೆಜಿಎಫ್_ಅಂಡರ್‌ಗ್ರೌಂಡ್ · ಬುಧವಾರ ಸಂಜೆ

ಗುಬ್ಬಿ, ಒಳ್ಳೇ ಪ್ರಶ್ನೆ. ಆಪ್ಟ್ ದಾರಿಯನ್ನ ನಂಬಲ್ಲ, ಸಹಿಯನ್ನ ನಂಬುತ್ತೆ. ರೆಪಾಸಿಟರಿಯಲ್ಲಿ ಇನ್‌ರಿಲೀಸ್ ಅಂತ ಒಂದು ಫೈಲ್, ಅದಕ್ಕೆ ಉಬುಂಟುವಿನ ಜಿಪಿಜಿ ಅನ್ನೋ ಡಿಜಿಟಲ್ ಸಹಿ. ಅದರೊಳಗೆ ಪ್ಯಾಕೇಜಸ್ ಪಟ್ಟಿಯ ಹ್ಯಾಶ್, ಆ ಪಟ್ಟಿಯೊಳಗೆ ಒಂದೊಂದು ಡೆಬ್ ಫೈಲಿನ ಎಸ್‌ಎಚ್‌ಎ256 ಹ್ಯಾಶ್. ಮಧ್ಯ ಕೂತವ್ನು ಒಂದು ಬೈಟ್ ಬದಲಾಯಿಸಿದ್ರೂ ಲೆಕ್ಕ ತಾಳೆ ಆಗಲ್ಲ, ಆಪ್ಟ್ ಎಸೆಯುತ್ತೆ. ಹುಂಡಿ ಯಾರ ಕೈಲಿ ಹೋದ್ರೇನು, ಸೀಲ್ ಒಡೆದಿಲ್ಲ ಅಂತ ನೋಡ್ಕೊಳ್ಳೋ ಲೆಕ್ಕ.

ಹುಂಡಿಗೆ ದುಡ್ಡು ಹಾಕೋರೇ ಖೋಟಾ ನೋಟು ಹಾಕಿದ್ರೆ ಸೀಲ್ ಏನೂ ಮಾಡಲ್ಲ, ಅದು ಬೇರೆ ಕಥೆ. 2024 ಮಾರ್ಚಲ್ಲಿ ಎಕ್ಸ್‌ಝೆಡ್ ಅನ್ನೋ ಫೈಲ್ ಕುಗ್ಗಿಸೋ ಪ್ರೋಗ್ರಾಮಿನ ವಿಷಯ ನೆನಪಿರಬೇಕು, 5.6.0 ಮತ್ತೆ 5.6.1ರಲ್ಲಿ ಹಿಂಬಾಗಿಲು ಇಟ್ಟಿದ್ದು ಅದನ್ನ ನೋಡ್ಕೊಳ್ತಿದ್ದವರಲ್ಲೇ ಒಬ್ಬ, ಎಲ್ಲಾ ಸಹಿ ಸರಿಯಾಗೇ ಇತ್ತು. ಆಂಡ್ರೆಸ್ ಫ್ರಾಯಿಂಡ್ ಅನ್ನೋರು ಎಸ್‌ಎಸ್‌ಎಚ್ (ದೂರದ ಸಿಸ್ಟಮಿಗೆ ಹೋಗೋ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಯಾಕೆ ಅಂತ ಕೆದಕಿದ್ದಕ್ಕೆ ಸಿಕ್ಕಿಬಿತ್ತು. ಅರ್ಧ ಸೆಕೆಂಡ್ ಗುರೂ! ನಮ್ಮಲ್ಲಿ ಅರ್ಧ ಗಂಟೆ ತಡ ಆದ್ರೂ ನೆಟ್ ಸ್ಲೋ ಅಂತ ಸುಮ್ನಾಗ್ತೀವಿ.

ಶಿಡ್ಲಘಟ್ಟ_ಗೂಡು · ಬುಧವಾರ ರಾತ್ರಿ

ಆಯ್ತಪ್ಪ, 3 ಜಿಬಿ ಅಂತ ಗಮನಿಸಿರ್ಲಿಲ್ಲ, ಟ್ರೇನಲ್ಲಿ ನಿಂತ್ಕೊಂಡು ಓದಿದ್ದು. ನಿಕ್ಸ್ ವಾಪಸ್ ತಗೊಂಡೆ. ಆದ್ರೆ ವಾಪಸ್ ಹೋಗೋ ದಾರಿ ಬೇಕೇ ಬೇಕು ಅನ್ನೋದ್ರಿಂದ ನಾನು ಹಿಂದೆ ಸರಿಯಲ್ಲ. ಓಪನ್‌ಸೂಸೆ ಲಿನಕ್ಸಲ್ಲಿ ಆಪ್ಟ್ ಥರದ ಝಿಪ್ಪರ್ ಪ್ರತಿ ಸಲ ಮುಂಚೆ ಒಂದು ಆಮೇಲೆ ಒಂದು ಸ್ನ್ಯಾಪ್‌ಶಾಟ್ ತಾನೇ ತೆಗೆಯುತ್ತೆ, ಡಿಸ್ಕಲ್ಲಿ ಬಿಟಿಆರ್‌ಎಫ್‌ಎಸ್ ಅನ್ನೋ ಫೈಲ್ ವ್ಯವಸ್ಥೆ ಇರೋದ್ರಿಂದ ಸೆಕೆಂಡಲ್ಲಿ ಆಗುತ್ತೆ. ಉಬುಂಟು ಸಾಮಾನ್ಯವಾಗಿ ಎಕ್ಸ್ಟ್4 ಹಾಕುತ್ತೆ, ಅಲ್ಲಿ ಟೈಮ್‌ಶಿಫ್ಟ್ ಅನ್ನೋ ಸ್ನ್ಯಾಪ್‌ಶಾಟ್ ಪ್ರೋಗ್ರಾಮನ್ನ ಆರ್‌ಸಿಂಕ್ (ಫೈಲ್ ಕಾಪಿ ಮಾಡೋ) ಮೋಡಲ್ಲಿ ಹಾಕಬಹುದು ಮೇಷ್ಟ್ರೇ, ಮೊದಲ್ನೇ ಸಲ ನಿಧಾನ, ಜಾಗನೂ ತಿನ್ನುತ್ತೆ, ಆಮೇಲೆ ಬದಲಾದ ಫೈಲ್ ಮಾತ್ರ. 22ಕ್ಕೂ ಬೇಡ, ಕ್ಯಾಶರ್ ಇರೋದಕ್ಕೆ ಮತ್ತೆ ನಿಮ್ಮ ಟೇಬಲ್ ಸಿಸ್ಟಮಿಗೆ ಹಾಕಿ ಸಾಕು.

ಆಪ್ಟ್ ಸುಮ್ನೆ ಕೂತಿಲ್ಲ ಅನ್ನೋದೂ ನಿಜ. 2021ರ ನವೆಂಬರಲ್ಲಿ ಒಬ್ಬ ಫೇಮಸ್ ಯೂಟ್ಯೂಬರ್ ಸ್ಟೀಮ್ ಅನ್ನೋ ಗೇಮ್ ಸಾಫ್ಟ್‌ವೇರ್ ಹಾಕೋಕೆ ಹೋಗಿ ಡೆಸ್ಕ್‌ಟಾಪೇ ಕಿತ್ತು ಹಾಕ್ಕೊಂಡ, ಹೌದು ಹೇಳಿದಂಗೆ ಮಾಡು ಅಂತ ಪೂರ್ತಿ ವಾಕ್ಯ ಟೈಪ್ ಮಾಡಿದ, ಪಾಪ ಅವ್ನಿಗೆ ಅರ್ಥ ಆಗಿರ್ಲಿಲ್ಲ. ಆಮೇಲೆ ಆಪ್ಟಿನವರು ಮುಖ್ಯ ಪ್ಯಾಕೇಜ್‌ಗಳನ್ನ ಅಷ್ಟು ಸುಲಭಕ್ಕೆ ತೆಗೆಯೋಕೆ ಬಿಡದಂಗೆ ಮಾಡಿದ್ರು. 2025ರಲ್ಲಿ ಬಂದ ಆಪ್ಟ್ 3.0ರಲ್ಲಿ ತೆಗೆಯೋ ಪ್ಯಾಕೇಜ್ ಕೆಂಪು ಬಣ್ಣದಲ್ಲಿ ಬೇರೆ ಸಾಲಲ್ಲಿ ಕಾಣುತ್ತೆ, ಡೆಬಿಯನ್ 13ರಲ್ಲಿ ಅದೇ ಇದೆ. ಬಣ್ಣ ಹಾಕೋಕೆ 26 ವರ್ಷ ಬೇಕಾಯ್ತಾ ಅಂತ ಮಾತ್ರ ಕೇಳಬೇಡಿ.

ಸ್ನ್ಯಾಪ್ ಬಗ್ಗೆ ಯಾರೂ ಹೇಳ್ಲಿಲ್ಲ. 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿ ಬರೋದು, ಅದು ಆಪ್ಟ್-ಕ್ಯಾಶರ್ ಮೂಲಕ ಹೋಗಲ್ಲ, ದಿನಕ್ಕೆ 4 ಸಲ ಹೊಸದು ಇದ್ಯಾ ಅಂತ ತಾನೇ ನೋಡುತ್ತೆ. ಸ್ನ್ಯಾಪ್ ರಿಫ್ರೆಶ್‌ಗೆ ಹೋಲ್ಡ್ ಕೊಟ್ಟು ನಿಲ್ಲಿಸಿ. ತಿಂಗಳಿಗೆ ಒಂದೆರಡು ಸಲ ಒಂದು ಸಿಸ್ಟಮಲ್ಲಿ ಸ್ನ್ಯಾಪ್ ಡೌನ್‌ಲೋಡ್ ಮಾಡಿ, ಅದರ ಬೇಸ್ ಸ್ನ್ಯಾಪೂ ಸೇರಿಸಿ, ಪೆನ್‌ಡ್ರೈವಲ್ಲಿ ಹಾಕ್ಕೊಂಡು ಮಿಕ್ಕದ್ದಕ್ಕೆ ಕೊಡಿ. ಜೊತೆಗೆ ಅಸರ್ಟ್ ಅಂತ ಒಂದು ಚಿಕ್ಕ ಫೈಲ್ ಬರುತ್ತೆ, ಅದೇ ಅದರ ಸಹಿ, ಮೊದ್ಲು ಅದಕ್ಕೆ ಸ್ನ್ಯಾಪ್ ಆ್ಯಕ್ ಕೊಟ್ಟು ಆಮೇಲೆ ಇನ್‌ಸ್ಟಾಲ್.

ಶಿರಾ_ಲ್ಯಾಬ್_ಮೇಷ್ಟ್ರು · ಮುಂದಿನ ವಾರ, ಸೋಮವಾರ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಲೇಟಾಗಿ ಬರೀತಿದೀನಿ, ಮಧ್ಯ ಇಂಟರ್ನಲ್ಸ್ ಇತ್ತು.

14ನೇದು ಹಳೇ ಕರ್ನಲಲ್ಲಿ ಮೇಲೆದ್ದಿತು, ಅಂಡರ್‌ಗ್ರೌಂಡ್ ಸರ್ ಹೇಳಿದ ಹಾಗೇ. ಶಿಫ್ಟ್ ಒತ್ತೋ ಟೈಮಿಂಗ್ ಸಿಗೋಕೆ ಆರು ಸಲ ಆಫ್ ಆನ್ ಮಾಡಿದೆ, ಏಳನೇ ಸಲ ಹಿಂದಿನ ಬೆಂಚಿನ ಹುಡುಗಿ ಒಬ್ಳು ಬಂದು ಮೊದಲ್ನೇ ಒತ್ತಿಗೇ ತಂದ್ಳು. 5ರಲ್ಲಿ 4 ಸರಿಯಾದ್ವು. 9ನೇದು ಹಠ ಮಾಡ್ತು, ಗುಬ್ಬಿಯವರೇ ಹೇಳೋಕೆ ನಾಚಿಕೆ, ಸುಡೋ ಪಿಪ್ ನಾನೇ ಮಾಡಿದ್ದೆ, ಹೋದ ವರ್ಷ, ಜೊತೆಗೆ ಎರಡು ಪಿಪಿಎ ಕೂಡ ಇದ್ವು. ಅದನ್ನ ಮಾತ್ರ ಹೊಸದಾಗಿ ಹಾಕಿದೆ.

ಶನಿವಾರ ಮಧ್ಯಾಹ್ನ ಕ್ಯಾಶರ್ ಹಾಕಿದೆ, 1ನೇ ಸಿಸ್ಟಮಿಗೆ. ಮೊದ್ಲು ಒಂದ್ರಲ್ಲಿ ಹೈಫನ್ ಡಿ ಕೊಟ್ಟು ಇಳಿಸಿದೆ, 460 ಎಂಬಿ, ನಲವತ್ತು ನಿಮಿಷ ಎಳೀತು. ಆಮೇಲೆ ಎರಡನೇದಕ್ಕೆ ಕೊಟ್ರೆ ಒಂದು ನಿಮಿಷನೂ ಆಗ್ಲಿಲ್ಲ, ನಾನು ಏನೋ ಎರರ್ ಬಂದಿದೆ ಅಂತ ಇನ್ನೊಂದು ಸಲ ನೋಡ್ದೆ. ಮಿಕ್ಕ ಎಲ್ಲಾ ಅದೇ ಥರ. ಲೆಕ್ಕ ಹಾಕಿದ್ರೆ 10 ಜಿಬಿ ಆಗಬೇಕಿತ್ತು, ರೂಟರಲ್ಲಿ ಅರ್ಧ ಜಿಬಿನೂ ಖರ್ಚಾಗಿಲ್ಲ, ಆ ರಿಪೋರ್ಟ್ ಪೇಜನ್ನ ಪ್ರಿಂಟ್ ಹಾಕಿ ಪ್ರಿನ್ಸಿಪಾಲ್ ಟೇಬಲ್ ಮೇಲಿಟ್ಟು ಬಂದೆ. ಇನ್‌ಸ್ಟಾಲ್ ಮಾಡೋವಾಗ ಕರೆಂಟ್ ಇತ್ತು. ಪಾವಗಡದಲ್ಲಿ 2050 ಮೆಗಾವಾಟ್ ಸೋಲಾರ್ ಇಟ್ಕೊಂಡು ಅದೇ ಜಿಲ್ಲೆಯ ನಾನು ಹತ್ತು ನಿಮಿಷಕ್ಕೆ ದೇವ್ರನ್ನ ನೆನೀತಾ ನಿಂತಿದ್ದೆ.

ಈಗ ಹೊಸ ತಲೆನೋವು. ಇವತ್ತು ಬೆಳಿಗ್ಗೆ 21ರಲ್ಲೂ ಆಪ್ಟ್ ಪ್ರಾಕ್ಸಿಗೆ ಕನೆಕ್ಟ್ ಆಗ್ತಿಲ್ಲ ಅಂತ. ನೋಡಿದ್ರೆ ಯಾರೋ 1ನೇ ಸಿಸ್ಟಮಿನ ಪ್ಲಗ್ ಕಿತ್ತು ಫೋನ್ ಚಾರ್ಜಿಗೆ ಹಾಕ್ಕೊಂಡಿದಾರೆ. ಅದು ಆಫ್ ಇದ್ದಾಗ ಮಿಕ್ಕದ್ದು ನೇರ ನೆಟ್ಟಿಗೆ ಹೋಗೋ ಹಾಗೆ ಮಾಡಕ್ಕಾಗುತ್ತಾ?

ಗುಬ್ಬಿ_ಗೂಡಲ್ಲಿ · ಸೋಮವಾರ ರಾತ್ರಿ

ಆಗುತ್ತೆ ಮೇಷ್ಟ್ರೇ. ನೀವು ಹಾಕಿದ ಪ್ರಾಕ್ಸಿ ಸಾಲು ತೆಗೆದು ಆಟೋ-ಆಪ್ಟ್-ಪ್ರಾಕ್ಸಿ ಅನ್ನೋ ಪ್ಯಾಕೇಜ್ ಹಾಕಿ 21ಕ್ಕೂ. ಹೋಸ್ಟ್ಸ್ ಫೈಲಲ್ಲಿ 1ನೇ ಸಿಸ್ಟಮಿನ ಐಪಿಗೆ ಆಪ್ಟ್-ಪ್ರಾಕ್ಸಿ ಅಂತ ಹೆಸರು ಕೊಡಿ, ಅದು ಪ್ರತಿ ಸಲ ಆ ಹೆಸರಿನವ್ನು ಎದ್ದಿದಾನಾ ಅಂತ ನೋಡುತ್ತೆ, ಇದ್ರೆ ಅಲ್ಲಿಂದ, ಇಲ್ದಿದ್ರೆ ನೇರ. 1ನೇದರ ಐಪಿ ರೂಟರಲ್ಲಿ ಫಿಕ್ಸ್ ಮಾಡಿ ಮೊದ್ಲು, ಇಲ್ಲಾಂದ್ರೆ ನಾಳೆ ಬೇರೆ ನಂಬರ್ ಬಂದಿರುತ್ತೆ. ಶನಿವಾರ ಮಾತ್ರ ಅದು ಆನ್ ಇದೆ ಅಂತ ಕಣ್ಣಲ್ಲಿ ನೋಡಿ ಶುರು ಮಾಡಿ, ನೇರ ಹೋದ್ರೆ ಮತ್ತೆ 10 ಜಿಬಿ ಕಥೆ.

ಮತ್ತೆ ಆ ಪ್ಲಗ್ಗಿಗೆ ಟೇಪ್ ಸುತ್ತಿ, ಪಕ್ಕದಲ್ಲಿ ಇನ್ನೊಂದು ಚಾರ್ಜಿಂಗ್ ಪಾಯಿಂಟ್ ಕೊಡ್ಸಿ. ಹುಡುಗ್ರಿಗೆ ಬೋರ್ಡ್ ಬರೆದು ಹಾಕಿದ್ರೆ ಓದಲ್ಲ.